ದುಬೈ ಅಂದರೆ ಯಾವ ಊರು, ಅರಬ್ಬಿ ಅಂದರೆ ಯಾರ ಮಾತು?

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಕೊಲ್ಲಿಗೆ ಹೋದವರೆಲ್ಲ ಊರವರ ಲೆಕ್ಕದಲ್ಲಿ ಒಂದೇ ಊರಿಗೆ ಹೋದವರು. ಕುವೈತ್‌ನ ಮನೆಯೊಂದರಲ್ಲಿ ಕಾರು ಓಡಿಸುವವನಿರಲಿ, ರಿಯಾದ್‌ನ ಗೋದಾಮಿನಲ್ಲಿ ಲೋಡು ಇಳಿಸುವವನಿರಲಿ, ಮಸ್ಕತ್‌ನ ಹೋಟೆಲಿನಲ್ಲಿ ಪರೋಟ ಬಡಿಯುವವನಿರಲಿ, ‘ದುಬೈಗ ವೋಗವ್ನ’ ಅಂದರೆ ಮುಗಿಯಿತು. ಹೊರಟು ನಿಂತ ಹುಡುಗನ ತಿಳಿವಳಿಕೆಯೂ ಬಹಳ ಸಲ ಅಷ್ಟರಲ್ಲೇ ನಿಂತಿರುತ್ತದೆ. ವೀಸಾ ಬಂತೇ, ಟಿಕೆಟ್ ಯಾವಾಗ, ಏಜೆಂಟನಿಗೆ ಇನ್ನೆಷ್ಟು ಕೊಡಬೇಕು ಎಂಬ ಚಿಂತೆಯಲ್ಲಿ ಮನೆಯವರೆಲ್ಲ ಮುಳುಗಿರುವಾಗ ಭಾಷೆಯ ಸುದ್ದಿ ಎತ್ತುವವರು ಕಡಿಮೆ. ಹೋದ ಮೇಲೆ ತಾನಾಗಿಯೇ ಬರುತ್ತದೆ ಎಂಬ ಸಮಾಧಾನ ಎಲ್ಲರಿಗೂ ಇರುತ್ತದೆ.

ಬರುವುದೇನೋ ನಿಜ. ಆದರೆ ಯಾವ ಅರಬ್ಬಿ ಬರುತ್ತದೆ, ಎಷ್ಟು ಬರುತ್ತದೆ ಎಂಬುದರ ಮೇಲೆ ತಿಂಗಳ ಸಂಬಳ, ಪಾಸ್‌ಪೋರ್ಟ್, ಕೆಲವು ಸಲ ಜೀವವೇ ನಿಂತಿರುತ್ತದೆ. ಬೆನ್ಯಾಮಿನ್ ಅವರ 2008ರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ ಓದಿದವರಿಗೆ, 2024ರಲ್ಲಿ ಬ್ಲೆಸಿ ತೆರೆಗೆ ತಂದ ಅದರ ಸಿನಿಮಾ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ರಿಯಾದ್ ವಿಮಾನ ನಿಲ್ದಾಣದಲ್ಲಿ ಇಳಿದ ಕಥಾನಾಯಕ ನಜೀಬ್ ಎದುರು ಬಂದ ಅರಬನನ್ನೇ ತನ್ನ ಧಣಿ ಎಂದು ನಂಬಿ ಗಾಡಿ ಹತ್ತುತ್ತಾನೆ. ನೀನು ಯಾರು, ಎಲ್ಲಿಗೆ ಕರೆದೊಯ್ಯುತ್ತಿದ್ದೀ ಎಂದು ಕೇಳುವಷ್ಟು ಮಾತು ಅವನ ಬಳಿ ಇರಲಿಲ್ಲ.

ಅರಬ್ ಲೀಗ್‌ನಲ್ಲಿ 22 ಸದಸ್ಯ ದೇಶಗಳಿವೆ. ಪತ್ರಿಕೆ, ಕೋರ್ಟು, ಟಿವಿ ವಾರ್ತೆ, ಶಾಲೆಯ ಪುಸ್ತಕ ಎಲ್ಲ ಕಡೆಯೂ ಒಂದೇ ಗ್ರಾಂಥಿಕ ಅರಬ್ಬಿ. ಅದಕ್ಕೆ ಫುಸ್‌ಹಾ ಎನ್ನುತ್ತಾರೆ. ಮನೆ, ಬೀದಿ, ಮಾರುಕಟ್ಟೆಗೆ ಬಂದರೆ ಒಂದೊಂದು ಸೀಮೆಗೂ ಒಂದೊಂದು ಅರಬ್ಬಿ. ಒಂದೇ ಸಮುದಾಯದಲ್ಲಿ ಬರಹಕ್ಕೊಂದು ಮಾತಿಗೊಂದು ಭಾಷೆ ಇರುವ ಈ ಸ್ಥಿತಿಯನ್ನು ಅಮೆರಿಕದ ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಅವರು ತೆಗೆದುಕೊಂಡ ಮುಖ್ಯ ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಚಾಮರಾಜನಗರದವರಿಗೆ ಇದು ಅಪರಿಚಿತವಲ್ಲ. ಪುಸ್ತಕದ ‘ಮನೆಗೆ’ ಇಲ್ಲಿ ‘ಮನಗ’ ಆಗುತ್ತದೆ, ಕಲಬುರಗಿಯಲ್ಲಿ ‘ಮನಿಗಿ’ ಆಗುತ್ತದೆ. ಈ ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದಾಗ ಉತ್ತರ ಕರ್ನಾಟಕದ ಎಷ್ಟೋ ಓದುಗರು ಪುಟ ಪುಟಕ್ಕೂ ತಡವರಿಸಿದರು. ಅರಬ್ಬಿಯಲ್ಲಿ ಈ ಅಂತರ ಇನ್ನೂ ಎಷ್ಟೋ ಪಟ್ಟು ದೊಡ್ಡದು. ಮೊರಾಕ್ಕೊದವನು ತನ್ನೂರ ಧಾಟಿಯಲ್ಲಿ ಮಾತಾಡಿದರೆ ಕುವೈತಿನವನಿಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಫುಸ್‌ಹಾವನ್ನು ತಾಯಿಯಿಂದ ಕಲಿತ ಮಗು ಯಾವ ದೇಶದಲ್ಲೂ ಇಲ್ಲ.

‘ನಿನಗೇನು ಬೇಕು?’ ಎಂಬ ಒಂದು ಪ್ರಶ್ನೆಯನ್ನೇ ಹಿಡಿದು ಅರಬ್ ಜಗತ್ತನ್ನು ಸುತ್ತಬಹುದು. ಕುವೈತಿನಲ್ಲಿ ‘ಶ್‌ತಬಿ?’ ಎನ್ನುತ್ತಾರೆ. ರಿಯಾದ್‌ನಲ್ಲಿ ‘ವಿಶ್ ತಬಿ?’, ಅದೇ ಸೌದಿಯ ಜಿದ್ದಾಕ್ಕೆ ಬಂದರೆ ‘ಏಶ್ ತಿಬ್ಗಾ?’. ಕೈರೊದಲ್ಲಿ ‘ಆಯಿಜ್ ಏಹ್?’, ಡಮಾಸ್ಕಸ್‌ನಲ್ಲಿ ‘ಶೂ ಬದ್ದಕ್?’, ಸುಡಾನಿನ ಖಾರ್ತೂಮಿನಲ್ಲಿ ‘ದಾಯಿರ್ ಶಿನೂ?’, ಕಾಸಾಬ್ಲಾಂಕಾದಲ್ಲಿ ‘ಅಶ್ನೂ ಬ್ಗೀತಿ?’. ‘ಈಗ’ ಎನ್ನಲು ಕೊಲ್ಲಿಯಲ್ಲಿ ‘ಅಲ್‌ಹೀನ್’, ಜಿದ್ದಾದಲ್ಲಿ ‘ದಹೀನ್’, ಮೊರಾಕ್ಕೊದಲ್ಲಿ ‘ದಾಬಾ’. ಇವನ್ನೆಲ್ಲ ಒಂದೇ ಭಾಷೆಯ ಪದಪಟ್ಟಿ ಎಂದುಕೊಂಡು ಉರು ಹೊಡೆಯಲು ಕೂತವನು ತಿಂಗಳೊಪ್ಪತ್ತಿನಲ್ಲಿ ಪುಸ್ತಕ ಮುಚ್ಚಿಡುತ್ತಾನೆ.

ಹಾಗಾದರೆ ಯಾವುದನ್ನು ಕಲಿಯಬೇಕು? ಯುರೋಪು, ಅಮೆರಿಕದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಈಜಿಪ್ಟಿನದು, ಇಲ್ಲವೇ ಸಿರಿಯಾ-ಲೆಬನಾನ್ ಕಡೆಯದು. ಅದಕ್ಕೆ ಕಾರಣಗಳಿವೆ. ಈಜಿಪ್ಟಿನ ಜನಸಂಖ್ಯೆ 10 ಕೋಟಿ ದಾಟಿದೆ. ಅರಬ್ ಸಿನಿಮಾದ ತವರು ಕೈರೊ. ಉಮ್ಮ್ ಕುಲ್ಸೂಮ್ ಅವರ ಗಾಯನ ತಿಂಗಳಿಗೊಂದು ಗುರುವಾರ ಕೈರೊ ರೇಡಿಯೊದಲ್ಲಿ ಬಿತ್ತರವಾಗುವ ರಾತ್ರಿ ಅರಬ್ ಊರುಗಳ ಕಾಫಿ ಅಂಗಡಿಗಳು ತುಂಬಿರುತ್ತಿದ್ದವು. ಹಾಗಾಗಿ ಕೈರೊದ ಮಾತು ಎಲ್ಲರ ಕಿವಿಗೂ ಬಿದ್ದಿದೆ. 2008ರಲ್ಲಿ ‘ನೂರ್’ ಎಂಬ ಹೆಸರಿನಲ್ಲಿ ಟರ್ಕಿಯ ಧಾರಾವಾಹಿಯೊಂದು ಸಿರಿಯಾದ ಆಡುಮಾತಿಗೆ ಡಬ್ ಆಗಿ ಎಂಬಿಸಿ ವಾಹಿನಿಯಲ್ಲಿ ಬಂದು ಮನೆಮನೆ ಮುಟ್ಟಿದ ಮೇಲೆ ಸಿರಿಯಾದ ಮಾತಿಗೂ ಅದೇ ಭಾಗ್ಯ ಬಂತು. ಪ್ರವಾಸ ಮಾಡುವವನಿಗೆ, ಸಂಶೋಧಕನಿಗೆ, ಸಿನಿಮಾ ಪ್ರೀತಿಸುವವನಿಗೆ ಈ ಸಲಹೆ ಸರಿಯೇ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಿಂದ ಹೊರಟು ಕುವೈತಿನ ಮನೆಯೊಂದರ ಡ್ರೈವರ್ ಆಗುವವನಿಗೆ ಇದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಈಜಿಪ್ಟಿನ ಮಾತು ಆಡಿದರೆ ಅಲ್ಲಿನವರಿಗೆ ಅರ್ಥವಾಗುತ್ತದೆ. ಅವರು ತಿರುಗಿ ಆಡಿದ ಮಾತು ಇವನಿಗೆ ಅರ್ಥವಾಗುವುದಿಲ್ಲ. ಕೆಲಸಕ್ಕೆ ಹೋದವನ ಬದುಕೆಲ್ಲ ಕೇಳಿಸಿಕೊಳ್ಳುವುದರ ಮೇಲೇ ನಡೆಯುವುದರಿಂದ ಇದು ಸಣ್ಣ ತೊಂದರೆಯಲ್ಲ.

ಕರ್ನಾಟಕದಿಂದ ಅರಬ್ಬಿ ಮಾತಿನ ನಾಡಿಗೆ ಹೋದವರೆಲ್ಲ ಕೊಲ್ಲಿಗೇ ಹೋದವರಲ್ಲ ಎಂಬುದು ನಾಡಿಗೆ ಮನವರಿಕೆಯಾದದ್ದು 2023ರ ಏಪ್ರಿಲ್‌ನಲ್ಲಿ. ಸುಡಾನಿನಲ್ಲಿ ಸೇನೆ ಮತ್ತು ಅರೆಸೇನೆ ನಡುವೆ ಯುದ್ಧ ಹೊತ್ತಿಕೊಂಡಾಗ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಎಲ್ ಫಾಶರ್ ಎಂಬ ದೂರದ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಎಣ್ಣೆ, ಔಷಧ ಮಾರಲು ಹೋದವರು ಅವರು. ಕೇಂದ್ರ ಸರ್ಕಾರದ ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್, ಜಿದ್ದಾ ಮಾರ್ಗವಾಗಿ ಕರೆತರಲಾಯಿತು. ಮನೆಯಲ್ಲಿ ವಾಗ್ರಿ, ಊರಲ್ಲಿ ಕನ್ನಡ, ಸಂತೆಯಲ್ಲಿ ಹಿಂದಿ, ತಮಿಳು, ತೆಲುಗು ಬಳಸುವ ಈ ಜನರಿಗೆ ಹೊಸ ಭಾಷೆಯ ಅಂಜಿಕೆ ಇಲ್ಲ. ಬೀದಿಯಲ್ಲಿ ನಿಂತು ವ್ಯಾಪಾರ ಮಾಡುವವರಿಗೆ ಬೇಕಾದದ್ದು ಸುಡಾನಿನ ಆ ಬೀದಿಯ ಮಾತು. ಕೈರೊದ ಪುಸ್ತಕವಾಗಲಿ ದುಬೈನ ಪುಸ್ತಕವಾಗಲಿ ಅಲ್ಲಿ ಅರ್ಧ ದಾರಿಗಷ್ಟೇ ಸಾಲುತ್ತದೆ.

ಅಂದರೆ ಮೊದಲು ಕೇಳಬೇಕಾದದ್ದು ಅರಬ್ಬಿಯ ವಿಚಾರವನ್ನಲ್ಲ, ಊರಿನ ವಿಚಾರವನ್ನು. ಕರಾರುಪತ್ರದಲ್ಲಿ ಕೆಲಸದ ಜಾಗ ಎಲ್ಲಿ ಎಂದು ಬರೆದಿದೆ? ಸೌದಿ ಎಂದರೆ ಸಾಲದು. ರಿಯಾದ್ ಇರುವ ನಜ್ದ್ ಸೀಮೆಯ ಮಾತು ಬೇರೆ, ಜಿದ್ದಾ-ಮೆಕ್ಕಾ ಇರುವ ಹಿಜಾಜ್ ಸೀಮೆಯದು ಬೇರೆ. ಶತಮಾನಗಳಿಂದ ಹಜ್ ಯಾತ್ರಿಕರು ಬಂದುಹೋಗುವ ಹಿಜಾಜ್‌ನ ಊರುಗಳಲ್ಲಿ ಈಜಿಪ್ಟಿನ ಛಾಯೆ ಹೆಚ್ಚು. ಇತ್ತ ಕುವೈತ್, ಬಹರೇನ್, ಖತಾರ್, ಯುಎಇ ಒಂದಕ್ಕೊಂದು ಹತ್ತಿರ. ಒಮಾನ್ ತನ್ನದೇ ಹಾದಿಯಲ್ಲಿದೆ. ಕೆಲಸ ಯಾವುದು ಎಂಬುದೂ ಅಷ್ಟೇ ಮುಖ್ಯ. ಯುಎಇಯಲ್ಲಿ ನೆಲೆಸಿದವರಲ್ಲಿ ಬಹುಪಾಲು ಹೊರದೇಶದವರು. ದುಬೈನ ಸೂಪರ್ ಮಾರ್ಕೆಟ್ಟಿನಲ್ಲಿ ಹಿಂದಿ, ಮಲಯಾಳಂ, ಚೂರುಪಾರು ಇಂಗ್ಲಿಷ್ ಇದ್ದರೆ ವರ್ಷಗಟ್ಟಲೆ ಅರಬ್ಬಿ ಇಲ್ಲದೆ ಕಳೆಯಬಹುದು. ಅರಬ್ಬಿ ಅತ್ಯಗತ್ಯವಾಗುವುದು ಮನೆಗೆಲಸದವರಿಗೆ, ಹೌಸ್ ಡ್ರೈವರ್‌ಗಳಿಗೆ, ತೋಟ ಮತ್ತು ಕುರಿ-ಒಂಟೆ ಸಾಕಣೆಯಲ್ಲಿ ಒಬ್ಬಂಟಿಯಾಗಿ ದುಡಿಯುವವರಿಗೆ. ಅವರ ಸುತ್ತ ಬೇರೆ ಭಾಷೆ ಆಡುವವರೇ ಇರುವುದಿಲ್ಲ.

ಕೊಲ್ಲಿಯ ಆಡುಮಾತು ಕನ್ನಡಿಗರ ನಾಲಿಗೆಗೆ ಕಷ್ಟದ್ದಲ್ಲ ಎಂಬುದು ಸಂತೋಷದ ಸಂಗತಿ. ಗ್ರಾಂಥಿಕ ಅರಬ್ಬಿಯಲ್ಲಿ ಗಂಟಲಾಳದಿಂದ ಹೊರಡುವ ಒಂದು ‘ಕ’ ಇದೆ. ಆ ‘ಕ’ ಹಚ್ಚಿ ‘ಕಲ್ಬ್’ ಎಂದರೆ ಹೃದಯ. ನಮ್ಮ ಮಾಮೂಲಿ ‘ಕ’ದಲ್ಲಿ ‘ಕಲ್ಬ್’ ಎಂದರೆ ನಾಯಿ. ಕನ್ನಡದ ಬಾಯಿಗೆ ಇವೆರಡೂ ಒಂದೇ. ಕೊಲ್ಲಿಯಲ್ಲಿ ಹೃದಯ ‘ಗಲ್ಬ್’ ಆಗಿಬಿಡುವುದರಿಂದ ಗೊಂದಲವೇ ಇಲ್ಲ. ಕೈರೊದಲ್ಲಿ ಅದು ‘ಅಲ್ಬ್’. ಚಾಮರಾಜನಗರದ ಹಳ್ಳಿಗಳವರು ಎಚ್ಚರ ವಹಿಸಬೇಕಾದದ್ದು ಹಕಾರದಲ್ಲಿ. ಇಲ್ಲಿ ಹಾಲು ‘ಆಲು’ ಆಗುತ್ತದೆ, ಹೋಗು ‘ವೋಗು’ ಆಗುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ, ‘ಆಲ್’ ಎಂದರೆ ಮನೆತನ. ಸೌದಿ ರಾಜಮನೆತನಕ್ಕೆ ‘ಆಲ್ ಸೌದ್’ ಎಂದು ಹೆಸರಿರುವುದು ಹಾಗೆ. ಕ್ಷೇಮ ವಿಚಾರಿಸುವ ಮೊದಲ ವಾಕ್ಯದಲ್ಲೇ ಈ ಹಕಾರ ಬರುತ್ತದೆ.

ಕೊಲ್ಲಿಯ ಮಾತು ನಮಗೆ ಹತ್ತಿರವಾಗಲು ಚರಿತ್ರೆಯೂ ಕಾರಣ. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಮೈಸೂರು ಸೀಮೆಯ ಶ್ರೀಗಂಧ, ಮೆಣಸು, ಏಲಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಭಾರತೀಯ ರೂಪಾಯಿ ಕೊಲ್ಲಿಯ ಬಂದರುಗಳಲ್ಲಿ ದೀರ್ಘಕಾಲ ಚಲಾವಣೆಯಲ್ಲಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಅಚ್ಚು ಹಾಕಿಸಿತು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ನಾಣ್ಯಕ್ಕೆ ಹೊರಳಿದವು. ಒಮಾನಿನಲ್ಲಿ 1970ರವರೆಗೂ ಆ ರೂಪಾಯಿಯೇ ಓಡಿತು. ಈ ವ್ಯಾಪಾರದ ಜೊತೆ ಮಾತೂ ಸಾಗಿತು. ಕೊಲ್ಲಿಯಲ್ಲಿ ಇಂದಿಗೂ ನೇರ ಹೋಗು ಎನ್ನಲು ‘ಸೀದಾ’, ಫ್ಯಾನಿಗೆ ‘ಬಾಂಕಾ’, ಶೂಗೆ ‘ಜೂತಿ’. ನಮ್ಮ ತಾಲ್ಲೂಕು ಕಚೇರಿಯಲ್ಲಿ ದಿನಾ ಕಿವಿಗೆ ಬೀಳುವ ಅರ್ಜಿ, ಹಕ್ಕು, ಬಾಕಿ, ವಸೂಲಿ, ಅಸಲು, ನಕಲು, ರದ್ದು ಎಲ್ಲವೂ ಅರಬ್ಬಿಯಿಂದ ಫಾರಸಿ, ಉರ್ದು ದಾಟಿ ಬಂದವು. ಮನೆಯಲ್ಲಿ ದಖನಿ ಉರ್ದು ಆಡುವ ಚಾಮರಾಜನಗರದ ಮುಸ್ಲಿಂ ಕುಟುಂಬಗಳ ಹುಡುಗರಿಗೆ ಈ ಬಂಡವಾಳ ಇನ್ನೂ ದೊಡ್ಡದು.

ಮದ್ರಸಾದಲ್ಲಿ ಓದಿದವರಿಗೆ ಅರಬ್ಬಿ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಎಂಬ ನಂಬಿಕೆ ಊರಲ್ಲಿದೆ. ಮದ್ರಸಾ ಕಲಿಸುವುದು ಖುರಾನ್ ಪಠಣ. ಅಕ್ಷರ, ಉಚ್ಚಾರಣೆ ಅಲ್ಲಿ ಗಟ್ಟಿಯಾಗುತ್ತವೆ. ಆ ಗಂಟಲಿನ ಧ್ವನಿಗಳೂ ಹಕಾರವೂ ಅವರಿಗೆ ಸಲೀಸು. ಸಂಭಾಷಣೆ ಕಲಿಸುವುದು ಅದರ ಉದ್ದೇಶವೇ ಅಲ್ಲ. ಪಕ್ಕದ ಕೇರಳದ ಶಾಲೆಗಳಲ್ಲಿ ಕಲಿಸುವ ಅರಬ್ಬಿಯೂ ಗ್ರಾಂಥಿಕವೇ. ಇದನ್ನು ಕಲಿತವನು ರಸ್ತೆಯ ಫಲಕ ಓದಬಲ್ಲ, ಕರಾರಿನ ಮೇಲೆ ಕಣ್ಣಾಡಿಸಬಲ್ಲ, ಆಸ್ಪತ್ರೆಯ ಚೀಟಿ ಗುರುತಿಸಬಲ್ಲ. ಇದು ದೊಡ್ಡ ಲಾಭವೇ. ಎಲ್ಲರೂ ಕಲಿಯಬೇಕಾದ ಪಾಠವೇ. ಮೇಡಂ ಅಡುಗೆಮನೆಯಿಂದ ಕೂಗಿ ಹೇಳುವ ಮಾತಿಗೆ ಮಾತ್ರ ಬೇರೆ ಕಲಿಕೆ ಬೇಕು.

ಅಂಕಿಗಳನ್ನಂತೂ ವಿಮಾನ ಹತ್ತುವ ಮುನ್ನವೇ ಕಲಿಯಬೇಕು. ಕೊಲ್ಲಿಯ ಬರಹದಲ್ಲಿ ದುಂಡಗೆ ಸೊನ್ನೆಯಂತೆ ಕಾಣುವುದು ಐದು. ಸೊನ್ನೆ ಎಂದರೆ ಬರೀ ಒಂದು ಚುಕ್ಕೆ. ಇಂಗ್ಲಿಷಿನ ಏಳನ್ನು ಹೋಲುವುದು ಆರು. ಕೆಳಗೆ ಮೊನೆಯಾಗಿ ಮೇಲಕ್ಕೆ ಕವಲೊಡೆದದ್ದು ಏಳು, ಅದನ್ನೇ ತಲೆಕೆಳಗು ಮಾಡಿದರೆ ಎಂಟು. ಮನೆ ನಂಬರು, ಗಾಡಿ ನಂಬರು, ಅಂಗಡಿಯ ಬೆಲೆಚೀಟಿ, ಸಂಬಳದ ರಸೀದಿ ಎಲ್ಲೆಡೆ ಇವು ಎದುರಾಗುತ್ತವೆ. ಬಾಯಲ್ಲಿ ಹೇಳುವಾಗ ಬಿಡಿ ಮೊದಲು, ಹತ್ತು ಆಮೇಲೆ. ‘ಖಮ್ಸ ವ ಇಶ್ರೀನ್’ ಎಂದರೆ ಐದು ಮತ್ತು ಇಪ್ಪತ್ತು. ಇಪ್ಪತ್ತೈದು ಎಂದೇ ಎಣಿಸಿ ರೂಢಿಯಾದವನು ಅವಸರದಲ್ಲಿ ಬರೆದುಕೊಳ್ಳುವಾಗ 25 ಹೋಗಿ 52 ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ಮದ್ರಸಾದ ಹುಡುಗನ ಹತ್ತಿರ ಒಂದು ಸಂಜೆ ಕೂತರೆ ಅಂಕಿಗಳು ಬಂದುಬಿಡುತ್ತವೆ.

ಕೊಲ್ಲಿಗೆ ಹೋದವರಿಗೆ ತಾನಾಗಿಯೇ ಬರುವ ಅರಬ್ಬಿ ಯಾವುದು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದು ಮೇಲೆ ಹೇಳಿದ ಯಾವ ಸೀಮೆಯದೂ ಅಲ್ಲ. ದಕ್ಷಿಣ ಏಷ್ಯಾದ ಕಾರ್ಮಿಕರೂ ಅವರ ಧಣಿಗಳೂ ಸೇರಿ ದಶಕಗಳಲ್ಲಿ ಕಟ್ಟಿಕೊಂಡ ಬೆರಕೆ ಮಾತು ಅದು. ಭಾಷಾಶಾಸ್ತ್ರಜ್ಞರು ಇಂಥದ್ದನ್ನು ಪಿಡ್ಜಿನ್ ಎನ್ನುತ್ತಾರೆ. ಕೊಲ್ಲಿಯ ಈ ಪಿಡ್ಜಿನ್ ಕುರಿತು ಜ್ಯಾಕ್ ಸ್ಮಾರ್ಟ್ 1990ರಲ್ಲಿ ಬರೆದ ಲೇಖನ ಆರಂಭದ ಅಧ್ಯಯನಗಳಲ್ಲೊಂದು. ‘ಮಾಫಿ’ ಎಂದರೆ ಇಲ್ಲ, ‘ಫಿ’ ಎಂದರೆ ಇದೆ. ‘ಮಾಫಿ ಮಾಲೂಮ್’ ಎಂದರೆ ಗೊತ್ತಿಲ್ಲ. ಕ್ರಿಯಾಪದಕ್ಕೆ ಕಾಲವಿಲ್ಲ, ಪುರುಷವಿಲ್ಲ. ‘ಅನಾ ಫಿ ರೂಹ್’ ಎಂದರೆ ನಾನು ಹೋದೆ, ಹೋಗುತ್ತೇನೆ, ಹೋಗುತ್ತಿದ್ದೇನೆ, ಯಾವುದೂ ಆಗಬಹುದು. ಅಕ್ಕಪಕ್ಕ ಕೆಲಸ ಮಾಡುವ ಮಲಯಾಳಿ, ಬಂಗಾಳಿ, ನೇಪಾಳಿ, ಪಠಾಣ ಎಲ್ಲರೂ ಇದನ್ನೇ ಆಡುವುದರಿಂದ ಕೆಲವೇ ತಿಂಗಳಲ್ಲಿ ಕೈಗೆ ಬರುತ್ತದೆ. ಬದುಕಿಗೆ ಇದು ಒದಗುತ್ತದೆ, ಇದನ್ನು ಹೀಗಳೆಯಬೇಕಾಗಿಲ್ಲ.

ಆದರೆ ಈ ಮಾತಿನ ಕ್ರಿಯಾಪದಗಳನ್ನು ಹತ್ತಿರದಿಂದ ನೋಡಬೇಕು. ರೂಹ್, ಜೀಬ್, ಶೀಲ್, ಸವ್ವಿ: ಹೋಗು, ತಾ, ಎತ್ತು, ಮಾಡು. ಬಹುಪಾಲು ಆಜ್ಞೆಯ ರೂಪಗಳು. ದುಡಿಯುವವನ ಕಿವಿಗೆ ಬೀಳುವುದು ಆಜ್ಞೆಗಳಾದ್ದರಿಂದ ಅವನ ಭಾಷೆಯೂ ಆಜ್ಞೆಗಳಿಂದಲೇ ಕಟ್ಟಿಕೊಂಡಿದೆ. ಅರಬರು ತಮ್ಮೊಳಗೆ ಬೇರೆ ಮಾತಾಡಿ, ಕಾರ್ಮಿಕನ ಕಡೆ ತಿರುಗಿದೊಡನೆ ಇದೇ ಮುರಿದ ಮಾತಿಗೆ ಇಳಿಯುತ್ತಾರೆ. ಹಾಗಾಗಿ ಹತ್ತು ವರ್ಷ ಒಂದೇ ಮನೆಯಲ್ಲಿದ್ದವನಿಗೂ ಮನೆಯವರು ತಮ್ಮೊಳಗೆ ಆಡುವ ಮಾತು ತಿಳಿಯದೆ ಉಳಿಯಬಹುದು. ಕಷ್ಟ ಬಂದಾಗ ಇದರ ಬೆಲೆ ತೆರಬೇಕಾಗುತ್ತದೆ. ‘ಕಫೀಲ್ ಶೀಲ್ ಜವಾಜ್’ ಎಂದರೆ ಧಣಿ ಪಾಸ್‌ಪೋರ್ಟ್ ತೆಗೆದುಕೊಂಡನೋ, ತೆಗೆದುಕೊಳ್ಳುತ್ತಾನೋ, ಕೇಳಿದ್ದಾನೋ ಸ್ಪಷ್ಟವಾಗುವುದಿಲ್ಲ. ಕಾರ್ಮಿಕನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಖತಾರ್, ಯುಎಇಯಂಥ ದೇಶಗಳ ಕಾನೂನಿನಲ್ಲೇ ತಪ್ಪು. ಲೇಬರ್ ಆಫೀಸಿನ ಮುಂದೆ ನಿಂತವನಿಗೆ ‘ಖದ್ ಜವಾಜಿ’, ಅಂದರೆ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡ ಎನ್ನಲು ಬರಬೇಕು. ‘ಮಾ ಇಸ್ತಲಮ್ತ್ ರಾತ್ಬಿ’, ಸಂಬಳ ನನ್ನ ಕೈಗೆ ಬಂದಿಲ್ಲ ಎನ್ನಲು ಬರಬೇಕು. ಯಾರು, ಯಾವಾಗ, ಎಷ್ಟು ಎಂಬುದನ್ನು ಹೇಳುವ ವ್ಯಾಕರಣ ಹೊಟ್ಟೆಪಾಡಿಗೆ ಹೋದವನಿಗೆ ಪಂಡಿತನಿಗಿಂತ ಹೆಚ್ಚು ಬೇಕು.

ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ನೀನು, ನೀವು ಬದಲಾಗುವುದು ಗೌರವಕ್ಕೆ. ಅರಬ್ಬಿಯಲ್ಲಿ ‘ನೀನು’ ಗಂಡಸಿಗೆ ‘ಇಂತ’, ಹೆಂಗಸಿಗೆ ‘ಇಂತಿ’. ಕ್ರಿಯಾಪದವೂ ಜೊತೆಯಲ್ಲಿ ಬದಲಾಗುತ್ತದೆ. ಬೆರಕೆ ಮಾತಿನಲ್ಲಿ ಎಲ್ಲರೂ ‘ಇಂತ’. ಮನೆಯ ಹಿರಿಯಜ್ಜಿಯನ್ನೂ ಹಾಗೆಯೇ ಕರೆದರೆ ಸಹಿಸಿಕೊಳ್ಳುತ್ತಾರೆ, ಸರಿಯಾಗಿ ಕರೆದರೆ ಮುಖ ಅರಳುತ್ತದೆ.

ನರ್ಸುಗಳ ವಿಷಯದಲ್ಲಿ ಯಾವ ಊರಿನ ಮಾತು ಎಂಬ ಪ್ರಶ್ನೆ ಇನ್ನೂ ಗಂಭೀರ. ಲೈಸೆನ್ಸ್ ಪರೀಕ್ಷೆ ಇಂಗ್ಲಿಷಿನಲ್ಲಿ ಮುಗಿಯುತ್ತದೆ, ಪಕ್ಕದಲ್ಲಿ ನಿಂತ ಡಾಕ್ಟರು ಈಜಿಪ್ಟಿನವರೋ ಸಿರಿಯಾದವರೋ ಆಗಿರಬಹುದು, ಹಾಸಿಗೆಯಲ್ಲಿರುವ ಅಜ್ಜಿ ಕುವೈತಿನವಳು. ನೋಯುತ್ತಿದೆ ಎನ್ನಲು ಅವಳು ‘ಯಿಅವ್ವಿರ್ನಿ’ ಎನ್ನುತ್ತಾಳೆ. ಪುಸ್ತಕದಲ್ಲಿ ಅದು ‘ಯುಅಲಿಮುನಿ’, ಡಮಾಸ್ಕಸ್‌ನಲ್ಲಿ ‘ಬ್ಯೂಜಅನಿ’. ಮೈಸೂರು, ಚಾಮರಾಜನಗರದಲ್ಲಿ ನರ್ಸಿಂಗ್ ಓದಿ ಹೊರಟವರು ಹೊರಡುವ ದೇಶದ ನೋವು, ಜ್ವರ, ಉಸಿರು, ಬಾಯಾರಿಕೆ, ಭಯ ಇಷ್ಟನ್ನು ಅಲ್ಲಿನ ಮಾತಿನಲ್ಲೇ ಕಲಿತು ಹೋದರೆ ಮೊದಲ ವಾರದಿಂದಲೇ ರೋಗಿಗೆ ಉಪಯೋಗ.

ಕಲಿಯುವುದು ಎಲ್ಲಿ? ಗುಂಡ್ಲುಪೇಟೆಯವರಿಗೆ ಒಂದು ದಾರಿ ಮಲಯಾಳಂ ಮೂಲಕವೇ ತೆರೆದಿದೆ. ಓಣಂ ಹೂವು, ತರಕಾರಿ, ಗುತ್ತಿಗೆ ಜಮೀನಿನ ಶುಂಠಿ ಕೃಷಿಯ ದೆಸೆಯಿಂದ ಇಲ್ಲಿ ಮಲಯಾಳಂ ಅರ್ಥವಾಗದವರು ಕಡಿಮೆ. ಸುಮಾರು 60 ಕಿ.ಮೀ. ದೂರದ ಸುಲ್ತಾನ್ ಬತ್ತೇರಿಯಲ್ಲಿ ಕೊಲ್ಲಿಯಿಂದ ಮರಳಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆಡುಮಾತಿನ ಅರಬ್ಬಿ ಕಲಿಸುವ ಪುಸ್ತಕಗಳು, ಯೂಟ್ಯೂಬ್ ಪಾಠಗಳು ಮಲಯಾಳಂ, ಉರ್ದು, ಹಿಂದಿಯಲ್ಲಿ ಧಾರಾಳವಾಗಿವೆ. ಪಾಠ ಆರಿಸಿಕೊಳ್ಳುವಾಗ ಒಂದನ್ನು ಗಮನಿಸಬೇಕು. ಕಲಿಸುವವರು ಯಾವ ಊರಲ್ಲಿ ದುಡಿದವರು, ಅವರು ಹೇಳಿಕೊಡುವುದು ಅರಬರು ತಮ್ಮೊಳಗೆ ಆಡುವ ಮಾತೇ ಅಥವಾ ಕಾರ್ಮಿಕರಿಗೆಂದು ಇಳಿಸಿಕೊಂಡ ಮಾತೇ? ‘ಗೊತ್ತಿಲ್ಲ’ ಎನ್ನಲು ‘ಮಾಫಿ ಮಾಲೂಮ್’ ಒಂದನ್ನೇ ಹೇಳಿಕೊಟ್ಟು ‘ಮಾ ಅದ್ರಿ’ ಹೇಳಿಕೊಡದವರ ಪಾಠ ಬೆರಕೆ ಮಾತಿನದು.

ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಹೊರಡಲು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕಾದ ದೇಶಗಳು 18. ಅವುಗಳಲ್ಲಿ 13 ಅರಬ್ ದೇಶಗಳು. ಆರೂ ಕೊಲ್ಲಿ ರಾಷ್ಟ್ರಗಳು, ಸುಡಾನ್ ಎಲ್ಲ ಇದರಲ್ಲಿವೆ. ಹೊರಡುವವರಿಗೆ ವಿದೇಶಾಂಗ ಸಚಿವಾಲಯ ಒಂದು ದಿನದ ಉಚಿತ ತರಬೇತಿ ನಡೆಸುತ್ತದೆ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಆ ಕೇಂದ್ರ ಒಂದು ಕನ್ನಡ ಕೈಪಿಡಿ ಹೊರತರಬೇಕು. ಕುವೈತ್, ರಿಯಾದ್, ಜಿದ್ದಾ, ದುಬೈ, ಮಸ್ಕತ್ ಒಂದೊಂದಕ್ಕೂ ಬೇರೆ ಬೇರೆ ಪುಟ, ಕನ್ನಡ ಲಿಪಿಯಲ್ಲಿ ಆ ಊರಿನ ಮಾತು, ಜೊತೆಗೆ ಕೇಳಿಸಿಕೊಳ್ಳಲು ಧ್ವನಿಮುದ್ರಣ. ಅಡುಗೆ, ಗಾಡಿ, ಆಸ್ಪತ್ರೆಯ ಮಾತುಗಳಿಗಿಂತ ಮೊದಲು ಅದರಲ್ಲಿ ಬರಬೇಕಾದವು ಇವು: ನನ್ನ ಸಂಬಳ ಬಂದಿಲ್ಲ, ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇಲ್ಲ, ನಾನು ಭಾರತದ ರಾಯಭಾರ ಕಚೇರಿಗೆ ಫೋನ್ ಮಾಡಬೇಕು, ನೀವು ಯಾರು, ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ.